ವಾಷಿಂಗ್ಟನ್ ರಾಜ್ಯದ ಬಂದೂಕು ಮಾಲೀಕರಿಗೆ ಯಾಕಿಷ್ಟು ಸಿಟ್ಟು?

[ತೆರೆಯ ಮೇಲೆ: ವಾಷಿಂಗ್ಟನ್ ರಾಜ್ಯದ ನಕ್ಷೆ. ಸಿಯಾಟಲ್, ಮೇರಿಸ್‌ವಿಲ್, ಕೆಲ್ಸೊ, ರಿಪಬ್ಲಿಕ್ ಊರುಗಳ ಗುರುತು]

ನಮಸ್ಕಾರ. 2027ರ ಮೇ 1ರಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಂದೂಕು ಕೊಳ್ಳಬೇಕಾದರೆ ಮೊದಲು ರಾಜ್ಯ ಪೊಲೀಸರಿಂದ ಪರ್ಮಿಟ್ ಪಡೆಯಬೇಕು. ಅದಕ್ಕೆ ಬೆರಳಚ್ಚು ಕೊಡಬೇಕು. ತರಬೇತಿ ಮುಗಿಸಬೇಕು. ಆ ತರಬೇತಿಯಲ್ಲಿ ನಿಜವಾದ ಗುಂಡು ಹಾರಿಸಿ ತೋರಿಸಬೇಕು. ಗವರ್ನರ್ ಬಾಬ್ ಫರ್ಗ್ಯುಸನ್ ಈ ಮಸೂದೆಗೆ ಸಹಿ ಹಾಕಿದ್ದು 2025ರ ಮೇ 20ರಂದು.

ನಮ್ಮೂರಲ್ಲಿ ಕೂತು ಕೇಳಿದರೆ ಇದರಲ್ಲಿ ಏನು ವಿಶೇಷ ಅನ್ನಿಸುತ್ತದೆ, ಅಲ್ವಾ? ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮ್ಮಲ್ಲಿ ಯಾರಿಗೆ ಬಿಡುತ್ತಾರೆ? ಆದರೆ ಅಲ್ಲಿನ ಬಂದೂಕು ಮಾಲೀಕರು ಕೆಂಡವಾಗಿದ್ದಾರೆ. ಯಾಕೆ ಅಂತ ಇವತ್ತು ನಿಧಾನವಾಗಿ ನೋಡೋಣ.

ಒಂದು ಸ್ಪಷ್ಟನೆ. ಇದು ರಾಜಧಾನಿ ವಾಷಿಂಗ್ಟನ್ ಅಲ್ಲ. ಪೆಸಿಫಿಕ್ ಸಾಗರದ ಕಡೆ ಇರುವ ವಾಷಿಂಗ್ಟನ್ ರಾಜ್ಯ. ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್ ಇರುವುದು ಇಲ್ಲೇ. ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟು ಜನ ಅಲ್ಲಿದ್ದಾರೆ. ಅವರು ತಿಳಿದಿರಲೇಬೇಕಾದ ಒಂದು ವಿಷಯವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಬುಡದ ವ್ಯತ್ಯಾಸ ಗೊತ್ತಿರಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಅನ್ನೋದು ಸರ್ಕಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಕೊಡಗಿನಲ್ಲಿ ಮಾತ್ರ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದೂ ಸದ್ಯಕ್ಕೆ 2029ರವರೆಗೆ. ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಆದ ಎರಡನೇ ತಿದ್ದುಪಡಿ ಆಯುಧ ಹೊಂದುವುದನ್ನು ಹಕ್ಕು ಅನ್ನುತ್ತದೆ. ಆ ಹಕ್ಕು ಒಬ್ಬೊಬ್ಬ ವ್ಯಕ್ತಿಗೂ ಸೇರಿದ್ದು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ವಾಷಿಂಗ್ಟನ್ ರಾಜ್ಯಕ್ಕೆ 1889ರಲ್ಲಿ ಬರೆದ ತನ್ನದೇ ಸಂವಿಧಾನವೂ ಇದೆ. ಆತ್ಮರಕ್ಷಣೆಗೆ ಆಯುಧ ಹಿಡಿಯುವ ನಾಗರಿಕನ ಹಕ್ಕಿಗೆ ಕುಂದು ತರಬಾರದು ಅಂತ ಅದರಲ್ಲೂ ಇದೆ.

ಹಾಗಾಗಿ ಅಲ್ಲಿನ ಮಾಲೀಕ ಕೇಳುವ ಪ್ರಶ್ನೆ ಬೇರೆ. ಮತ ಹಾಕಲು ಪರ್ಮಿಟ್ ಕೇಳ್ತೀರಾ? ಪತ್ರಿಕೆ ನಡೆಸಲು ತರಬೇತಿ ಕೇಳ್ತೀರಾ? ಮತ್ತೆ ಇದಕ್ಕೆ ಮಾತ್ರ ಯಾಕೆ? ಇದನ್ನು ಒಪ್ಪಬೇಕು ಅಂತಿಲ್ಲ. ಆದರೆ ಈ ಪ್ರಶ್ನೆ ಅರ್ಥವಾಗದಿದ್ದರೆ ಅವರ ಸಿಟ್ಟು ಬರೀ ಹಠ ಅನ್ನಿಸಿಬಿಡುತ್ತದೆ.

[ತೆರೆಯ ಮೇಲೆ: 2014, 2018, 2022, 2023, 2025]

ಈಗ ಕಾನೂನುಗಳ ಕಥೆ. 2014ರ ನವೆಂಬರ್‌ನಲ್ಲಿ ಜನಮತ ನಡೆಯಿತು. ಖಾಸಗಿಯಾಗಿ ಒಬ್ಬರಿಂದ ಒಬ್ಬರು ಬಂದೂಕು ಕೊಂಡರೂ ಕೊಳ್ಳುವವರ ಹಿನ್ನೆಲೆ ತಪಾಸಣೆ ಆಗಬೇಕು ಅಂತ ಜನ ಒಪ್ಪಿದರು. 2018ರಲ್ಲಿ ಇನ್ನೊಂದು ಜನಮತ. ಅದರ ವಿಷಯವನ್ನು ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆ, ಅಸಲು ನೋವು ಅಲ್ಲಿದೆ. 2022ರ ಜುಲೈ 1ರಿಂದ ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಪೆಟ್ಟಿಗೆ, ಅದರ ಮಾರಾಟ ಬಂದ್. 2023ರ ಏಪ್ರಿಲ್ 25ರಂದು ಅಂದಿನ ಗವರ್ನರ್ ಜೇ ಇನ್ಸ್‌ಲೀ, ನೋಡಲು ಸೈನ್ಯದ ರೈಫಲ್‌ನಂತಿರುವ ಎಆರ್-15 ಮಾದರಿಯ ರೈಫಲ್‌ಗಳ ಮಾರಾಟಕ್ಕೆ ನಿಷೇಧ ಹೇರಿದರು. ಸಹಿ ಬಿದ್ದ ಗಳಿಗೆಯಿಂದಲೇ ಅದು ಜಾರಿ. ಅದೇ ದಿನ ಇನ್ನೊಂದು ಕಾನೂನಿಗೂ ಸಹಿ ಬಿತ್ತು. ಅದರ ಪ್ರಕಾರ 2024ರ ಜನವರಿಯಿಂದ ಯಾವ ಬಂದೂಕು ಕೊಂಡರೂ ಹತ್ತು ಕೆಲಸದ ದಿನ ಕಾಯಬೇಕು, ಸುರಕ್ಷತಾ ತರಬೇತಿಯ ಪುರಾವೆ ತೋರಿಸಬೇಕು. ಈಗ ಪರ್ಮಿಟ್.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಮನೆಯಲ್ಲಿ ಇರುವ ಬಂದೂಕನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಮೊದಲೇ ಕೊಂಡಿದ್ದನ್ನು ಇಟ್ಟುಕೊಳ್ಳಬಹುದು. ಅಪ್ಪನ ಎಆರ್-15 ಅಪ್ಪ ಹೋದ ಮೇಲೆ ಮಕ್ಕಳಿಗೂ ಬರುತ್ತದೆ. ನಿಷೇಧ ಇರುವುದು ಹೊಸದಾಗಿ ಮಾರಲು, ತಯಾರಿಸಲು, ಹೊರಗಿನಿಂದ ತರಲು.

ಹಾಗಾದರೆ ಸಿಟ್ಟು ಯಾಕೆ? 2018ರ ಕಾನೂನಿಗೆ ಬನ್ನಿ.

[ತೆರೆಯ ಮೇಲೆ: ಮರದ ಹಿಡಿಯ ಸಣ್ಣ .22 ರೈಫಲ್]

ಇದು ರೂಗರ್ 10/22. ಅಮೆರಿಕದ ಹಳ್ಳಿ ಮನೆಗಳಲ್ಲಿ ಎಷ್ಟೋ ಮಕ್ಕಳು ಗುರಿ ಇಡಲು ಕಲಿಯುವುದೇ ಇಂಥದ್ದರಲ್ಲಿ. ಇದರ ಗುಂಡು ಪೆನ್ಸಿಲ್‌ನಷ್ಟು ದಪ್ಪ ಇರುತ್ತದೆ, ಅಷ್ಟೇ. ಖಾಲಿ ಡಬ್ಬ ಉರುಳಿಸಲು, ಅಳಿಲು ಮೊಲ ಹೊಡೆಯಲು ಬಳಸುತ್ತಾರೆ. ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹಾರುತ್ತದೆ, ಮುಂದಿನ ಗುಂಡು ತಾನಾಗಿ ಬಂದು ಕೂರುತ್ತದೆ. ಇದಕ್ಕೆ ಸೆಮಿ ಆಟೊಮ್ಯಾಟಿಕ್ ಅಂತಾರೆ. 2018ರ ಕಾನೂನು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ 'ಸೆಮಿ ಆಟೊಮ್ಯಾಟಿಕ್ ಅಸಾಲ್ಟ್ ರೈಫಲ್' ಅಂತ ಕರೆದುಬಿಟ್ಟಿತು. ಅಜ್ಜ ಮೊಮ್ಮಗನಿಗೆ ಕೊಟ್ಟ .22 ರೈಫಲ್ ಕೂಡ ಕಾಗದದ ಮೇಲೆ ಅಸಾಲ್ಟ್ ರೈಫಲ್ ಆಯಿತು. ಕೊಳ್ಳಲು 21 ವರ್ಷ ಆಗಿರಬೇಕು, ತರಬೇತಿ ಆಗಿರಬೇಕು, ಕಾಯಬೇಕು.

ನನ್ನ ಮಟ್ಟಿಗೆ ಇದು ದೊಡ್ಡ ತಪ್ಪು. ಕಾನೂನು ಬಿಗಿಯಾಯಿತು ಅನ್ನುವುದು ನನ್ನ ತಕರಾರಲ್ಲ. ವಸ್ತು ಗೊತ್ತಿಲ್ಲದವರು ಬರೆದಿದ್ದಾರೆ ಅನ್ನುವ ಭಾವನೆ ಒಮ್ಮೆ ಹುಟ್ಟಿತು ಅಂದರೆ, ಆಮೇಲೆ ಬರುವ ಒಳ್ಳೆಯ ನಿಯಮವನ್ನೂ ಜನ ನಂಬುವುದಿಲ್ಲ. 2023ರ ನಿಷೇಧದಲ್ಲೂ ಇದೇ ಗೋಳು ಇದೆ. ಕೆಲವು ಮಾದರಿಗಳನ್ನು ಹೆಸರಿಟ್ಟು ನಿಷೇಧಿಸಿದ್ದಾರೆ. ಉಳಿದವನ್ನು ಅಂಗಾಂಗ ನೋಡಿ ತೀರ್ಮಾನಿಸುತ್ತಾರೆ. ಮ್ಯಾಗಜೀನ್ ಕಳಚುವಂತಿದ್ದು, ಪಿಸ್ತೂಲಿನಂಥ ಹಿಡಿ ಇದೆಯಾ, ಭುಜಕ್ಕೆ ಆನಿಸುವ ಭಾಗ ಮಡಚುತ್ತದೆಯಾ, ನಳಿಗೆಯ ತುದಿಯಲ್ಲಿ ಗುಂಡಿನ ಬೆಂಕಿ ಕಾಣದಂತೆ ಮಾಡುವ ಮರೆ ಇದೆಯಾ ಅಂತ. ಒಂದೇ ಗುಂಡು, ಒಂದೇ ವೇಗ, ಹಿಡಿಯ ಆಕಾರ ಮಾತ್ರ ಬೇರೆ. ಒಂದನ್ನು ಮಾರಬಹುದು, ಇನ್ನೊಂದನ್ನು ಮಾರಿದರೆ ಅಪರಾಧ. ಅಂಗಡಿಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಬೇಟೆಗಾರನಿಗೆ ಏನನ್ನಿಸಬೇಡ? ಸರ್ಕಾರದ ಕಡೆಯವರ ಉತ್ತರ ಇಷ್ಟು: ಆ ಹಿಡಿ, ಆ ಮಡಚುವ ಭಾಗ ಇದ್ದರೆ ಬೇಗ ಬೇಗ ಗುರಿ ಬದಲಿಸುವುದು, ಬಚ್ಚಿಟ್ಟು ಒಯ್ಯುವುದು ಸುಲಭ. ಈ ಮಾತಿನಲ್ಲೂ ಹುರುಳಿದೆ.

ಈಗ ಎರಡು ದುರಂತಗಳ ಬಗ್ಗೆ ಹೇಳಲೇಬೇಕು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡದೆ ಈ ಜಗಳ ಅರ್ಥವಾಗುವುದಿಲ್ಲ.

2014ರ ಅಕ್ಟೋಬರ್ 24. ಮೇರಿಸ್‌ವಿಲ್ ಊರಿನ ಹೈಸ್ಕೂಲ್. ಊಟದ ಹಾಲ್‌ನಲ್ಲಿ 15 ವರ್ಷದ ಹುಡುಗನೊಬ್ಬ ಸಹಪಾಠಿಗಳ ಮೇಲೆ ಗುಂಡು ಹಾರಿಸಿದ. ನಾಲ್ವರು ಮಕ್ಕಳು ಸತ್ತರು. ಅವನೂ ಸತ್ತ. ಪಿಸ್ತೂಲು ಅಪ್ಪನದು. ವಿಚಾರಣೆಯಲ್ಲಿ ಗೊತ್ತಾಗಿದ್ದು ಏನೆಂದರೆ, ಆ ಅಪ್ಪ ಬಂದೂಕು ಇಟ್ಟುಕೊಳ್ಳುವಂತೆಯೇ ಇರಲಿಲ್ಲ. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ, ಅಮೆರಿಕದ ಮೂಲನಿವಾಸಿಗಳ ಬುಡಕಟ್ಟು ನ್ಯಾಯಾಲಯವೊಂದು ಅವನ ಮೇಲೆ ರಕ್ಷಣಾ ಆದೇಶ ಹೊರಡಿಸಿತ್ತು. ಆದರೆ ಆ ಆದೇಶ ತಪಾಸಣೆಯ ಡೇಟಾಬೇಸ್‌ಗೆ ಸೇರಿರಲೇ ಇಲ್ಲ. ಅವನು ಅಂಗಡಿಗೆ ಹೋದ, ತಪಾಸಣೆಯಲ್ಲಿ ಪಾಸಾದ, ಕೊಂಡು ಬಂದ. ಕಾನೂನು ಇತ್ತು, ತಪಾಸಣೆಯೂ ಆಗಿತ್ತು, ಒಂದು ಕಾಗದ ಮಾತ್ರ ಇಲ್ಲಿಂದ ಅಲ್ಲಿಗೆ ಹೋಗಿರಲಿಲ್ಲ.

ಬಂದೂಕು ಮಾಲೀಕರು ಹೇಳುವ ಮಾತು ಇದೇ. ಇರುವ ಕಾನೂನನ್ನು ಮೊದಲು ಸರಿಯಾಗಿ ನಡೆಸಿ. ನೀವು ಮಾಡಬೇಕಾದ ಕೆಲಸ ಬಿಟ್ಟು ಪ್ರತಿ ಸಲ ನಮ್ಮ ಮೇಲೆ ಹೊಸ ಫಾರ್ಮ್ ಹೇರಬೇಡಿ. ಈ ಮಾತಿಗೆ ನನ್ನ ಹತ್ತಿರ ಎದುರು ಉತ್ತರ ಇಲ್ಲ.

ಆದರೆ ಎರಡನೆಯದು ಕೇಳಿ. 2016ರ ಜುಲೈ 30. ಮುಕಿಲ್ಟಿಯೊ ಊರಿನ ಒಂದು ಮನೆ ಪಾರ್ಟಿ. 19 ವರ್ಷದ ಯುವಕ ಮೂವರನ್ನು ಕೊಂದ, ಅವರಲ್ಲಿ ಒಬ್ಬಳು ಅವನ ಹಳೆಯ ಗೆಳತಿ. ಅವನ ಕೈಯಲ್ಲಿದ್ದದ್ದು ಎಆರ್-15 ಮಾದರಿಯ ರೈಫಲ್. ಕೊಂಡು ಸುಮಾರು ಒಂದು ವಾರ ಆಗಿತ್ತು. ಅದೂ ಕಾನೂನುಬದ್ಧವಾಗಿ. ಆ ವಯಸ್ಸಿಗೆ ಅಂಗಡಿಯಲ್ಲಿ ಪಿಸ್ತೂಲು ಕೊಡುತ್ತಿರಲಿಲ್ಲ, ರೈಫಲ್ ಕೊಡುತ್ತಿದ್ದರು. ಒಳಗೆ ಹೋಗುವ ಮೊದಲು ಕಾರಿನಲ್ಲಿ ಕೂತು ಬಂದೂಕಿನ ಕೈಪಿಡಿ ಓದಿದ್ದ.

ಕೈಪಿಡಿ ಓದಿ ಬಳಸಿದ ಬಂದೂಕು ಅದು. ಇಲ್ಲಿ ಡೇಟಾಬೇಸ್ ತಪ್ಪಿಲ್ಲ. ತರಬೇತಿ ಬೇಕು, 21 ಆಗಬೇಕು, ಕಾಯಬೇಕು ಅನ್ನುವ ನಿಯಮ ಅಂದು ಇದ್ದಿದ್ದರೆ ಆ ರೈಫಲ್ ಅವನ ಕೈಗೆ ಅಂಗಡಿಯಿಂದ ಬರುತ್ತಿರಲಿಲ್ಲ. ಈ ಘಟನೆಯಾದ ಮೇಲೆಯೇ ಅಂದಿನ ಅಟಾರ್ನಿ ಜನರಲ್ ರೈಫಲ್ ನಿಷೇಧದ ಪ್ರಸ್ತಾಪ ಎತ್ತಿಕೊಂಡರು, ಮುಂದೆಯೂ ಬಿಡದೆ ಮಂಡಿಸಿದರು. ಅವರು ಬೇರಾರೂ ಅಲ್ಲ, ಇವತ್ತಿನ ಗವರ್ನರ್ ಫರ್ಗ್ಯುಸನ್.

ಕಾಯುವ ನಿಯಮಕ್ಕೆ ಇನ್ನೊಂದು ಕಾರಣ ಇದೆ, ಸುದ್ದಿಯಲ್ಲಿ ಅಷ್ಟಾಗಿ ಬರುವುದಿಲ್ಲ. ಈ ರಾಜ್ಯದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಮನಸ್ಸು ಕೆಟ್ಟ ಹೊತ್ತಿನಲ್ಲಿ ಅಂಗಡಿಗೆ ಹೋದವನಿಗೆ ಹತ್ತು ದಿನ ಸಿಕ್ಕರೆ ಒಂದು ಜೀವ ಉಳಿಯಬಹುದು. ನಾನು ಈ ನಿಯಮದ ಪರ. ಆದರೆ ಮನೆಯಲ್ಲಿ ಆಗಲೇ ಐದು ಬಂದೂಕು ಇಟ್ಟುಕೊಂಡವರು ಆರನೆಯದಕ್ಕೂ ಹತ್ತು ದಿನ ಯಾಕೆ ಕಾಯಬೇಕು ಅಂತ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸು ಇವತ್ತೇ ಭಯದಲ್ಲಿದ್ದಾಳೆ, ಅವಳು ಏನು ಮಾಡಬೇಕು? ಅದಕ್ಕಿಂತ ಕಷ್ಟದ ಪ್ರಶ್ನೆ ಈ ಚರ್ಚೆಯಲ್ಲಿ ಇಲ್ಲ.

[ತೆರೆಯ ಮೇಲೆ: ಕ್ಯಾಸ್ಕೇಡ್ ಪರ್ವತ ಸಾಲು, ಎರಡೂ ಬದಿಯ ಕೌಂಟಿಗಳು]

ಇದಕ್ಕೆ ಊರು ಹಳ್ಳಿಯ ಜಗಳವೂ ಸೇರಿದೆ. ಕ್ಯಾಸ್ಕೇಡ್ ಪರ್ವತಗಳು ರಾಜ್ಯವನ್ನು ಸೀಳಿವೆ. ಪಶ್ಚಿಮಕ್ಕೆ ಸಿಯಾಟಲ್, ಜನ, ದುಡ್ಡು, ಮತ. ಪೂರ್ವಕ್ಕೆ ಗೋಧಿ ಹೊಲ, ಸೇಬಿನ ತೋಟ, ದನದ ರಾಂಚ್, ಕಾಡು. 2018ರ ಜನಮತದಲ್ಲಿ ಒಟ್ಟು ಸುಮಾರು ಶೇಕಡ 59ರಷ್ಟು ಜನ ಪರವಾಗಿ ಮತ ಹಾಕಿದರು. ಆದರೆ ಪೂರ್ವದ ಬಹುಪಾಲು ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಬೇಡ ಅಂದಿದ್ದವು. ಪೊಲೀಸ್ ಬರಲು ತುಂಬಾ ಹೊತ್ತು ಹಿಡಿಯುವ ಜಾಗದಲ್ಲಿ ಇರುವವರಿಗೆ, ಎರಡೇ ನಿಮಿಷಕ್ಕೆ ಪೊಲೀಸ್ ಬರುವ ಊರಿನವರು ನಿಯಮ ಬರೆದ ಹಾಗೆ ಕಂಡಿತು. ರಿಪಬ್ಲಿಕ್ ಅನ್ನೋ ಸಣ್ಣ ಊರಿನ ಪೊಲೀಸ್ ಮುಖ್ಯಸ್ಥ ಲೊರೆನ್ ಕಲ್ಪ್ ಈ ಕಾನೂನನ್ನು ಜಾರಿ ಮಾಡುವುದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಹಲವು ಕೌಂಟಿಗಳ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳೂ ಅದೇ ದಾರಿ ಹಿಡಿದರು. ಕಲ್ಪ್ 2020ರಲ್ಲಿ ಗವರ್ನರ್ ಚುನಾವಣೆಗೇ ನಿಂತು ಸೋತರು. ಪೊಲೀಸರೇ ಕಾನೂನು ಪಾಲಿಸಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಅಲ್ಲಿನವರು ಎಷ್ಟು ಬೇಸತ್ತಿದ್ದರು ಅನ್ನುವುದಂತೂ ಇದರಿಂದ ಗೊತ್ತಾಗುತ್ತದೆ.

ಮಲೆನಾಡಿನ ರೈತರಿಗೆ ಈ ಬೇಸರ ಹೇಳಿಕೊಡಬೇಕಿಲ್ಲ. ಚುನಾವಣೆ ಬಂತು ಅಂದರೆ ಕೋವಿ ತಗೊಂಡು ಹೋಗಿ ಠಾಣೆಯಲ್ಲಿ ಡಿಪಾಸಿಟ್ ಮಾಡಬೇಕು, ಅಷ್ಟು ದಿನ ತೋಟಕ್ಕೆ ಬರುವ ಹಂದಿ ಮಂಗ ಚುನಾವಣೆ ನೋಡುವುದಿಲ್ಲ.

ಕೋರ್ಟ್ ಏನಂತು? ಕೆಲ್ಸೊ ಊರಿನಲ್ಲಿ ಗೇಟರ್ಸ್ ಕಸ್ಟಮ್ ಗನ್ಸ್ ಅನ್ನೋ ಅಂಗಡಿ ಇದೆ. ನಿಷೇಧ ಬಂದ ಮೇಲೂ ದೊಡ್ಡ ಮ್ಯಾಗಜೀನ್ ಮಾರಿತು ಅಂತ ರಾಜ್ಯ ಸರ್ಕಾರ ಅದರ ಮೇಲೆ ಕೇಸ್ ಹಾಕಿತು. 2024ರ ಏಪ್ರಿಲ್ 8ರಂದು ಕೌಲಿಟ್ಜ್ ಕೌಂಟಿಯ ನ್ಯಾಯಾಧೀಶ ಗ್ಯಾರಿ ಬ್ಯಾಶರ್ ಇಡೀ ಮ್ಯಾಗಜೀನ್ ನಿಷೇಧವೇ ಸಂವಿಧಾನಕ್ಕೆ ವಿರುದ್ಧ ಅಂದರು. ಸುಮಾರು ಒಂದೂವರೆ ಗಂಟೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ನಿಂದ ಆ ತೀರ್ಪಿಗೆ ತಡೆ ಬಂತು. 2025ರ ಮೇ 8ರಂದು ಅದೇ ಕೋರ್ಟ್ 7-2 ಬಹುಮತದಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ದೊಡ್ಡ ಮ್ಯಾಗಜೀನ್ ಸಂವಿಧಾನ ಹೇಳುವ 'ಆಯುಧ'ದಲ್ಲಿ ಸೇರುವುದಿಲ್ಲ ಅನ್ನೋದು ಅವರ ವಾದ. ಗ್ಲಾಕ್ 17 ಪಿಸ್ತೂಲಿನ ಜೊತೆ ಕಂಪನಿಯಿಂದಲೇ ಬರುತ್ತಿದ್ದ ಮ್ಯಾಗಜೀನ್ 17 ಗುಂಡಿನದು. ಅದು ಆಯುಧದ ಭಾಗವೇ ಅಲ್ಲ ಅಂದಾಗ ಮಾಲೀಕರು ತಲೆ ಚಚ್ಚಿಕೊಂಡರು.

ದೇಶದ ಸುಪ್ರೀಂ ಕೋರ್ಟ್ ಇನ್ನೂ ಬಾಯಿ ಬಿಟ್ಟಿಲ್ಲ. ಬಂದೂಕು ಕಾನೂನುಗಳು ದೇಶದ ಇತಿಹಾಸ, ಸಂಪ್ರದಾಯಕ್ಕೆ ಹೊಂದಬೇಕು ಅಂತ 2022ರಲ್ಲಿ ನ್ಯೂಯಾರ್ಕ್‌ನ ಪ್ರಕರಣವೊಂದರಲ್ಲಿ ಅದು ಹೇಳಿದೆ. ಆದರೆ ಮೇರಿಲ್ಯಾಂಡ್ ರಾಜ್ಯದ ರೈಫಲ್ ನಿಷೇಧದ ಮೇಲ್ಮನವಿಯನ್ನು 2025ರ ಜೂನ್‌ನಲ್ಲಿ ಕೈಗೆತ್ತಿಕೊಳ್ಳಲಿಲ್ಲ. ಮುಂದಿನ ಒಂದೆರಡು ಅವಧಿಯಲ್ಲಿ ಈ ಪ್ರಶ್ನೆ ನೋಡಬೇಕಾದೀತು ಅಂತ ನ್ಯಾಯಮೂರ್ತಿ ಕ್ಯಾವನಾ ಆಗ ಬರೆದರು.

ಪರ್ಮಿಟ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಂದೂಕು ಹಿಡಿಯುವವರಿಗೆ ಅದನ್ನು ಹಿಡಿಯಲು ಬರಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ತರಬೇತಿಗೆ ದುಡ್ಡು, ಬೆರಳಚ್ಚಿಗೆ ದುಡ್ಡು, ರಜೆ ಹಾಕಿ ರೇಂಜ್‌ಗೆ ಓಡಾಟ. ಐಟಿ ಸಂಬಳದವರಿಗೆ ಇದು ಒಂದು ಶನಿವಾರದ ಕೆಲಸ. ಗಂಟೆ ಲೆಕ್ಕದಲ್ಲಿ ದುಡಿಯುವ, ಕಳ್ಳತನ ಜಾಸ್ತಿ ಇರುವ ಬೀದಿಯಲ್ಲಿ ಮನೆ ಮಾಡಿರುವ ತಾಯಿಗೆ ಇದು ಬೆಟ್ಟ. ರಾಜ್ಯ ಈ ಹಕ್ಕಿಗೆ ಷರತ್ತು ಹಾಕುವುದಾದರೆ ಆ ಷರತ್ತಿನ ಖರ್ಚನ್ನೂ ಹೊರಬೇಕು. ತರಬೇತಿ ಪುಕ್ಕಟೆ ಕೊಡಲಿ, ಹತ್ತಿರದಲ್ಲೇ ಕೊಡಲಿ. ಪರ್ಮಿಟ್ ಒಮ್ಮೆ ಸಿಕ್ಕರೆ ಐದು ವರ್ಷ ನಡೆಯುತ್ತದೆ, ಹಾಗಾಗಿ ಈ ಹೊರೆ ರಾಜ್ಯಕ್ಕೆ ಅಷ್ಟೇನೂ ದೊಡ್ಡದಾಗಲಾರದು. ಹಾಗೆಯೇ ಮೇರಿಸ್‌ವಿಲ್‌ನಲ್ಲಿ ಕಾಣೆಯಾದಂಥ ಕಾಗದಗಳು ಇನ್ನೆಷ್ಟು ಕೋರ್ಟ್‌ಗಳಲ್ಲಿ ಕೂತಿವೆ ಅಂತ ಮೊದಲು ಹುಡುಕಲಿ.

ಇನ್ನು ಅಲ್ಲಿರುವ ಕನ್ನಡಿಗರಿಗೆ ಹೇಳಬೇಕಿದ್ದ ಮಾತು. ಇದು ರಾಜ್ಯದ ಕಾನೂನಲ್ಲ, ಕೇಂದ್ರದ್ದು. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು, ಗುಂಡು ಎರಡನ್ನೂ ಹೊಂದುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ವೀಕೆಂಡ್‌ನಲ್ಲಿ ಗೆಳೆಯರ ಜೊತೆ ಸುಮ್ನೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಕೈಯಲ್ಲಿ ಹಿಡಿದರೂ ಕಾನೂನಿನ ಕಣ್ಣಿನಲ್ಲಿ ಅದು 'ಹೊಂದಿದ' ಹಾಗೆ ಆಗಬಹುದು. ಫೋಟೊ ತೆಗೆದು ಹಾಕಿದರೆ ಸಾಕ್ಷಿಯನ್ನೂ ನೀವೇ ಕೊಟ್ಟಂತೆ. ಶಿಕ್ಷೆಯಷ್ಟೇ ಅಲ್ಲ, ವೀಸಾಗೂ ಕುತ್ತು ಬರುತ್ತದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ, 2027ರ ಮೇ ನಂತರ ಅವರೂ ಎಲ್ಲರಂತೆ ಪರ್ಮಿಟ್ ತೆಗೆದುಕೊಳ್ಳಬೇಕು. ವೀಸಾದಲ್ಲಿ ಇರುವವರು ರೇಂಜ್‌ಗೆ ಕಾಲಿಡುವ ಮೊದಲು ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ.