ನೀರು ಮೊದಲು, ಹಸಿರು ಆಮೇಲೆ

ಕೇಳುಗರಿಗೆ ನಮಸ್ಕಾರ.

ಸದಾ ನೀರು ನಿಲ್ಲುವ ಜೌಗಿನಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿಕೊಂಡು ಪೀಟ್ ಆಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಷ್ಟೇ ಬೆಳೆಯುವ ಈ ಪದರವನ್ನು ಕೆನಡಾ, ಐರ್ಲೆಂಡ್, ಫಿನ್‌ಲೆಂಡ್‌ಗಳಲ್ಲಿ ಉರುವಲಿಗೋ ತೋಟಗಾರಿಕೆಗೋ ಮೀಟರುಗಟ್ಟಲೆ ತೆಗೆದಿದ್ದಾರೆ. ಹಾಗೆ ತೆಗೆದು ಬಿಟ್ಟ ನೆಲದಲ್ಲಿ ಸಸ್ಯಗಳು ತಾವಾಗಿಯೇ ಮರಳಿ ಬರುತ್ತವೆಯೇ ಎಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ನೀರು ಮರಳಿದರೆ ಬರುತ್ತವೆ, ಇಲ್ಲದಿದ್ದರೆ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನೇ ನೋಡಿ. ಹಿಂದೆ ಅಲ್ಲಿ ಪೀಟನ್ನು ಕೈಯಿಂದ ಗಡ್ಡೆಗಡ್ಡೆಯಾಗಿ ಕಡಿಯುತ್ತಿದ್ದರು. ಮೇಲಿನ ಜೀವಂತ ಪದರವನ್ನು ಕಡಿದು ಮುಗಿಸಿದ ಕಂದಕಕ್ಕೇ ಎಸೆಯುತ್ತಿದ್ದರು. ಆ ಕಂದಕಗಳಲ್ಲಿ ತೇವ ಉಳಿದೆಡೆ, ಪೀಟ್ ಕಟ್ಟುವ ಸ್ಫ್ಯಾಗ್ನಮ್ ಹಾವಸೆ ಯಾರ ನೆರವೂ ಇಲ್ಲದೆ ಮತ್ತೆ ಹಬ್ಬಿತು. ನಂತರ ಬಂದ, ಒಣಗಿದ ಪೀಟನ್ನು ಹೀರಿ ತೆಗೆಯುವ ಯಂತ್ರಗಳಿಗೆ ಒಣ ನೆಲ ಬೇಕಿತ್ತು, ಆದ್ದರಿಂದ ಉದ್ದಕ್ಕೂ ಕಾಲುವೆ ತೋಡಿ ನೀರು ಬಸಿದರು. ಅಂತಹ ಬಯಲುಗಳಲ್ಲಿ ಬೀಜವೂ ಇಲ್ಲ, ಬೇರಿನ ಚೂರೂ ಇಲ್ಲ; ತಪ್ಪಿ ಮೊಳೆತ ಸಸಿಯನ್ನೂ ಹೆಪ್ಪುಗಟ್ಟಿ ಉಬ್ಬುವ ಮೇಲ್ಪದರವು ಬೇರುಸಮೇತ ಎತ್ತಿ ಹಾಕುತ್ತದೆ.

ಒಮ್ಮೆ ಇಂತಹದೇ ಬಯಲಿಗೆ ನನ್ನನ್ನು ಕರೆದೊಯ್ದ ಹಿರಿಯ ಅಧಿಕಾರಿಯೊಬ್ಬರು, ತಲೆಯೆತ್ತರಕ್ಕೆ ಬೆಳೆದಿದ್ದ ಬರ್ಚ್ ಮರಗಳನ್ನು ತೋರಿಸಿ, "ನೋಡಿ, ನಾವೇನೂ ಮಾಡಲಿಲ್ಲ, ಪ್ರಕೃತಿಯೇ ಎಲ್ಲವನ್ನೂ ಸರಿಪಡಿಸಿಕೊಂಡಿದೆ" ಎಂದರು. ಅವರ ಸಂತೋಷ ನಿಜವಾದದ್ದೇ, ಅದನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ. ಆದರೂ ಬಗ್ಗಿ ಮರದ ಬುಡದಿಂದ ಒಂದು ಹಿಡಿ ಪೀಟ್ ತೆಗೆದು ಅವರ ಅಂಗೈಗೆ ಹಾಕಿದೆ. ಅದು ಪುಡಿಪುಡಿಯಾಗಿ ಗಾಳಿಗೆ ಹಾರಿತು. ಪಕ್ಕದ ಕಾಲುವೆಯ ಬಳಿ ಹೋದರೆ ನೀರು ಇನ್ನೂ ಹರಿದು ಹೋಗುತ್ತಲೇ ಇತ್ತು. "ಸ್ವಾಮಿ, ಇದು ಕಾಡಾಗುತ್ತಿದೆ, ಜೌಗಾಗುತ್ತಿಲ್ಲ, ಈ ಮರಗಳು ಉಳಿದಿರುವ ತೇವವನ್ನೂ ಹೀರುತ್ತಿವೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸಿರಾಗಿದೆಯಲ್ಲ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ, ನಿಜ ಹೇಳಬೇಕೆಂದರೆ ಬೇಸತ್ತಿದ್ದೇನೆ. ಹಸಿರಾಗುವುದು ಬೇರೆ, ಪೀಟ್ ಮತ್ತೆ ಕಟ್ಟತೊಡಗುವುದು ಬೇರೆ. ಅದಕ್ಕೆ ಸ್ಫ್ಯಾಗ್ನಮ್ ಬೇಕು, ಸ್ಫ್ಯಾಗ್ನಮ್‌ಗೆ ನೀರು ಬೇಕು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು ಕಾಲುವೆಗಳನ್ನು ಮುಚ್ಚಬೇಕು. ನೀರು ನಿಂತ ಮೇಲೆ ಬಿಳಿ ಕುಚ್ಚಿನ ಹತ್ತಿಹುಲ್ಲು ಸಾಮಾನ್ಯವಾಗಿ ತಾನೇ ಬರುತ್ತದೆ. ಹಾವಸೆ ಬಾರದಿದ್ದರೆ ಹತ್ತಿರದ ಜೀವಂತ ಜೌಗಿನಿಂದ ಅದರ ತುಣುಕುಗಳನ್ನು ತಂದು ಹರಡಿ, ಮೇಲೆ ಒಣಹುಲ್ಲು ಹೊದಿಸಬೇಕು. ಕ್ವಿಬೆಕ್‌ನ ಬುವಾ-ದೆ-ಬೆಲ್‌ನಲ್ಲಿ 1999ರಲ್ಲಿ ಈ ಕೆಲಸ ಆರಂಭವಾಯಿತು; ಸುಮಾರು 14 ವರ್ಷಗಳ ಬಳಿಕ ಅಳೆದಾಗ ಆ ನೆಲವು ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಡುತ್ತಿತ್ತು. ಅಲ್ಲಿಯೂ ಹಾವಸೆ ಹರಡಿದ್ದರ ಜೊತೆಗೆ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ನೀರನ್ನು ತಡೆದಿದ್ದರು.

ನಮಸ್ಕಾರ.