ಹಸುಗೂಸಿನ ಫಿಟ್ಸ್ ಮತ್ತು ರಕ್ತದ ಸಕ್ಕರೆ

ಕೇಳುಗರಿಗೆ ನಮಸ್ಕಾರ.

ಹುಟ್ಟಿ 28 ದಿನದೊಳಗಿನ ಕೂಸಿಗೆ ಫಿಟ್ಸ್ ಬಂದರೆ ದೊಡ್ಡವರಂತೆ ಮೈಯೆಲ್ಲ ಸೆಟೆದು ಒದ್ದಾಡುವುದು ಅಪರೂಪ. ಕಣ್ಣು ಒಂದೇ ಕಡೆ ಹೊರಳಿ ನಿಲ್ಲುತ್ತದೆ, ಬಾಯಿ ಚಪ್ಪರಿಸುತ್ತದೆ, ಕಾಲು ಸೈಕಲ್ ತುಳಿದಂತೆ ಆಡುತ್ತದೆ, ಇಲ್ಲವೇ ಒಂದು ಕೈ ಮಾತ್ರ ತಾಳ ಹಾಕಿದ ಹಾಗೆ ಜಗ್ಗುತ್ತದೆ. ಒಮ್ಮೊಮ್ಮೆ ಉಸಿರು ಕಟ್ಟಿ ತುಟಿ ನೀಲಿಗಟ್ಟುವುದಷ್ಟೇ ಕಾಣುತ್ತದೆ.

ಬರೀ ನಡುಕವೂ ಇರಬಹುದು. ಅಲುಗುವ ಕೈಯನ್ನು ನಿಮ್ಮ ಅಂಗೈಯಲ್ಲಿ ಮೆಲ್ಲಗೆ ಮಡಚಿ ಹಿಡಿಯಿರಿ. ನಿಂತರೆ ಅದು ನಡುಕ. ಹಿಡಿದ ಮೇಲೂ ಒಳಗೊಳಗೇ ಜಗ್ಗುತ್ತಿದ್ದರೆ ಫಿಟ್ಸ್ ಎಂದೇ ತಿಳಿದು ಆಸ್ಪತ್ರೆಗೆ ಹೊರಡಿ. ನಡುಕ ತಾನೇ ಎಂದು ಸುಮ್ಮನಿರುವಂತೆಯೂ ಇಲ್ಲ, ಸಕ್ಕರೆ ಇಳಿದಾಗಲೂ ಕೂಸು ನಡುಗುತ್ತದೆ.

ಮುಂದೆ ಮಗು ಹೇಗೆ ಬೆಳೆಯುತ್ತದೆ ಎಂಬುದು ಬಹುಪಾಲು ಫಿಟ್ಸಿನ ಕಾರಣದ ಮೇಲೆ ನಿಂತಿದೆ. ಕ್ಯಾಲ್ಸಿಯಂ ಕೊರತೆಯಷ್ಟೇ ಆಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ ತೀರಾ ಕಡಿಮೆಯಾಗಿದ್ದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವುದು), ಅಪಸ್ಮಾರ, ಕಲಿಕೆಯ ತೊಂದರೆ ಉಳಿಯಬಹುದು. ಸಕ್ಕರೆ ಇಳಿಯುವುದು ಮಾತ್ರ ಒಂದೇ ನಿಮಿಷದಲ್ಲಿ ಪತ್ತೆಯಾಗುವ ಕಾರಣ. ತೂಕ ಕಡಿಮೆಯಿರುವ, ದಿನ ತುಂಬದ, ತಾಯಿಗೆ ಸಕ್ಕರೆ ಕಾಯಿಲೆಯಿರುವ ಕೂಸುಗಳಲ್ಲಿ ಇದು ಹೆಚ್ಚು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ನಾಲಿಗೆಗೆ ಜೇನು ಸವರಿ, ಎದೆಹಾಲಿಗೆ ನಾಳೆಯವರೆಗೆ ಕಾಯಿಸುವ ರೂಢಿ ಈ ಕೂಸುಗಳಿಗೆ ನೇರವಾಗಿ ಕೇಡು.

ಆಸ್ಪತ್ರೆಯಲ್ಲಿ ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿ ರಕ್ತ ನೋಡುತ್ತಾರೆ. ಒರೆಸಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೆ ಅಳತೆ ತಪ್ಪುತ್ತದೆ. ಸಕ್ಕರೆ 100 ಎಂಎಲ್ ರಕ್ತದಲ್ಲಿ 40 ಮಿಲಿಗ್ರಾಂಗಿಂತ ಕೆಳಗಿದ್ದು ಫಿಟ್ಸ್ ಇದ್ದರೆ, ಕೂಸಿನ ತೂಕದ ಕಿಲೋಗೆ 2 ಎಂಎಲ್‌ನಂತೆ 10 ಪರ್ಸೆಂಟ್ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆ ದ್ರಾವಣ, ರಕ್ತನಾಳಕ್ಕೆ. ಎರಡೂವರೆ ಕಿಲೋ ಕೂಸಿಗೆ 5 ಎಂಎಲ್, ಅಂದರೆ ಅರ್ಧ ಗ್ರಾಂ ಸಕ್ಕರೆ, ಅಷ್ಟೇ! ಎಡವಟ್ಟಾಗುವುದು ಇದರ ನಂತರ. ಕೂಸು ಶಾಂತವಾಯಿತೆಂದು ಡೆಕ್ಸ್ಟ್ರೋಸ್ ಡ್ರಿಪ್ ಹಚ್ಚದೆ ಬಿಟ್ಟರೆ, ಅಥವಾ ಆಂಬುಲೆನ್ಸಿನಲ್ಲಿ ಡ್ರಿಪ್ ಕಳಚಿಕೊಂಡರೆ, ಕೊಟ್ಟ ಸಕ್ಕರೆಯಿಂದ ಏರಿದ ಇನ್ಸುಲಿನ್ ಸಕ್ಕರೆಯನ್ನು ಮತ್ತೆ ಕೆಳಗಿಳಿಸುತ್ತದೆ. ಸಕ್ಕರೆ ಸರಿಯಾದರೂ ನಿಲ್ಲದ ಫಿಟ್ಸಿಗೆ ಮೊದಲ ಔಷಧ ಫಿನೋಬಾರ್ಬಿಟೋನ್, ಕಿಲೋಗೆ 20 ಮಿಲಿಗ್ರಾಂ, ನಿಧಾನವಾಗಿ. ಅದರ ನಂತರ ಕೈಕಾಲು ನಿಂತರೂ ಮಿದುಳಿನೊಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು. ಅದು ತಿಳಿಯುವುದು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಮಾತ್ರ.

ಸಕ್ಕರೆ ಬಹಳ ಹೊತ್ತು ತೀರಾ ಇಳಿದಿದ್ದರೆ ಹೆಚ್ಚು ಪೆಟ್ಟು ಬೀಳುವುದು ಮಿದುಳಿನ ಹಿಂಭಾಗಕ್ಕೆ, ನೋಟದ ಜಾಗಕ್ಕೆ. ಕಣ್ಣುಗುಡ್ಡೆ ಚೆನ್ನಾಗಿಯೇ ಇರುತ್ತದೆ, ಆದರೆ ಮೂರು ತಿಂಗಳಾದರೂ ಮಗು ಅಮ್ಮನ ಮುಖ ನೋಡುವುದಿಲ್ಲ. ಇನ್ನೊಂದು, 3ರಿಂದ 12 ತಿಂಗಳ ನಡುವೆ ಬರುವ ‘ಸ್ಪಾಸಂ’ ಎಂಬ ಬಗೆಯ ಫಿಟ್ಸ್. ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡಲೇ ಕತ್ತು ಬಗ್ಗಿ, ಎರಡೂ ಕೈ ಒಮ್ಮೆಗೇ ಚಾಚಿ, ಕ್ಷಣ ಬಿಟ್ಟು ಮತ್ತೆ ಹಾಗೆಯೇ, ಸಾಲುಸಾಲಾಗಿ. ಹೊಟ್ಟೆನೋವು, ದೃಷ್ಟಿ, ಬಾಲಗ್ರಹ ಎಂದುಕೊಂಡು ವಾರಗಳು ಕಳೆದುಹೋಗುತ್ತವೆ. ಎಸಿಟಿಎಚ್ ಎಂಬ ಹಾರ್ಮೋನ್ ಇಂಜೆಕ್ಷನ್, ಪ್ರೆಡ್ನಿಸೊಲೋನ್, ವಿಗಾಬ್ಯಾಟ್ರಿನ್ ಇದಕ್ಕಿರುವ ಔಷಧಗಳು, ತಡವಾದಷ್ಟೂ ಫಲ ಕಡಿಮೆ.

ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಕೊಳ್ಳಿ, ಡಾಕ್ಟರ ಮುಂದೆ ಮಗು ಅದನ್ನು ಮಾಡಿ ತೋರಿಸುವುದಿಲ್ಲ. ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿಯೂ ಜೊತೆಗಿರಲಿ. ಸಕ್ಕರೆ ಎಷ್ಟಕ್ಕಿಳಿದಿತ್ತು ಎಂಬುದು ಅದರಲ್ಲಿರುತ್ತದೆ.