ಸೈಟಿಗೆ ಕನ್ನಡ ಅಕ್ಷರದ ವಿಳಾಸ ಹಾಕಿದೆ, ವಾಟ್ಸಪ್‌ನಲ್ಲಿ ಎಂತ ಆಯ್ತು ನೋಡಿ

ನಮಸ್ಕಾರ, ಕುಂಬಳೆಯಿಂದ. ಹಿಂದೆ ಕೇಳುವುದು ಮಳೆ ಅಲ್ಲ, ಅಡಿಕೆ ಸುಲಿಯುವ ಮೆಷಿನ್. ಸ್ವಲ್ಪ ನಿಲ್ಲಿಸಿ ಅಂದೆ, ಯಾರು ಕೇಳ್ತಾರೆ? ಸ್ಕ್ರೀನ್ ನೋಡಿ. ಹೋಸ್ಟಿಂಗಿನಲ್ಲಿ ಹೊಸ ಡೊಮೈನ್, ಅಂದ್ರೆ ಸೈಟಿನ ವಿಳಾಸದ ಹೆಸರು, ಸೇರಿಸಿದ್ದು, ಡೇಟಾಬೇಸಿನಲ್ಲಿ ಹಳೇ ವಿಳಾಸ ಇದ್ದಲ್ಲೆಲ್ಲ ಹೊಸತು ಹಾಕಿದ್ದು, ಎಲ್ಲ ಕಾಣ್ತದೆ. ಓದಿ ಹೇಳುವುದಿಲ್ಲ, ಬೇಕಾದ್ರೆ ವಿಡಿಯೋ ನಿಲ್ಲಿಸಿ ನೋಡಿ.

ನಮ್ಮ ಸೈಟ್ ಗೊತ್ತಲ್ಲ, ತಾಳಮದ್ದಳೆ ರೆಕಾರ್ಡಿಂಗಿನದ್ದು, ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನಲ್ಲಿ ಕೂತು ಅದಕ್ಕೆ ಇಂಗ್ಲಿಷ್ ಅಕ್ಷರದ ಹೆಸರು ಯಾಕೆ ಮಾರಾಯ್ರೆ? ಹಾಗೆ ಡಾಟ್ ಭಾರತ ತೆಗೊಂಡೆ. ಚುಕ್ಕಿಯ ಆಚೆಯೂ ಕನ್ನಡ, ಈಚೆಯೂ ಕನ್ನಡ. ಬ್ರೌಸರಿನಲ್ಲಿ ಎಷ್ಟು ಚೆಂದ ಕಾಣ್ತದೆ ನೋಡಿ.

ಈಗ ಅದನ್ನೇ ಕಾಪಿ ಮಾಡಿ ವಾಟ್ಸಪ್ಪಿಗೆ ಹಾಕ್ತೇನೆ. ಬಂತು! ಎಕ್ಸ್‌ಎನ್, ಎರಡು ಗೀಟು, ಮತ್ತೆ ಬೆಕ್ಕು ಕೀಬೋರ್ಡಿನ ಮೇಲೆ ಓಡಿದ್ದು. ಇದು ಹಾಳಾದದ್ದಲ್ಲ, ವ್ಯವಸ್ಥೆ ಇರುವುದೇ ಹೀಗೆ. ಡೊಮೈನ್ ಹೆಸರು ಒಳಗೊಳಗೆ ಓಡಾಡುವುದು ಎ ಯಿಂದ ಝಡ್, ಅಂಕಿ, ಗೀಟು ಇಷ್ಟರಲ್ಲೇ. ಕನ್ನಡವನ್ನು ಅದಕ್ಕೆ ಇಳಿಸುವ ಲೆಕ್ಕಕ್ಕೆ ಪ್ಯೂನಿಕೋಡ್ ಅಂತಾರೆ, 2003ರದ್ದು. ‘ಭಾರತ’ ಅಂತ ನಾವು ಬರೆದದ್ದು ಅಲ್ಲಿ ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’. ಬ್ರೌಸರ್ ನಮಗೆ ಕನ್ನಡ ತೋರಿಸಿ, ಕಾಪಿ ಮಾಡುವಾಗ ಇದನ್ನು ಕೊಡ್ತದೆ.

ನನಗೆ ಅರ್ಥ ಆಯ್ತು. ಗ್ರೂಪಿನವರಿಗೆ ಆಗ್ಬೇಕಲ್ಲ! ಲಿಂಕ್ ಹಾಕಿ ಚಾ ಕುಡೀಲಿಕ್ಕೆ ಹೋದದ್ದು, ಬರುವಾಗ ಒಬ್ರು ಹಿರಿಯರ ವಾಯ್ಸ್ ಮೆಸೇಜ್: “ಯಾರೂ ಒತ್ತಬೇಡಿ, ಬ್ಯಾಂಕಿನ ದುಡ್ಡು ಪೂರಾ ಹೋಗ್ತದೆ.” ಅದರ ಕೆಳಗೆ ಇನ್ನೊಬ್ರು ಸೈಬರ್ ವಂಚನೆಯ ಪೇಪರ್ ಕಟಿಂಗ್. ಅಡ್ಮಿನ್ ಲಿಂಕ್ ಡಿಲೀಟ್ ಮಾಡಿ ಕೈ ಮುಗಿಯುವ ಇಮೋಜಿ. ಅವರನ್ನು ಬಯ್ಯುವ ಹಾಗೂ ಇಲ್ಲ. ಅಂಥ ಲಿಂಕ್ ಬಂದ್ರೆ ನಾನೂ ಒತ್ತುವುದಿಲ್ಲ. ಅಡ್ಮಿನ್ನಿಗೆ ಫೋನ್ ಮಾಡಿದ್ರೆ, “ನಿನ್ನ ಫೋನ್ ಹ್ಯಾಕ್ ಆಗಿದೆ, ಮೊದಲು ಅದು ನೋಡು” ಅಂದ್ರು. ಹ್ಯಾಕ್ ಆದವನೇ ಮಾತಾಡ್ತಾ ಇರುವುದು ಅಂದೆ, ಇಟ್ಟುಬಿಟ್ರು.

ಆಗ ಕೋಪದಲ್ಲಿ ಕನ್ನಡ ಡೊಮೈನೇ ಬೇಡ ಅಂತ ಒಂದು ವಿಡಿಯೋ ಮಾಡಿದ್ದೆ. ಹಾಕಲಿಲ್ಲ.

ಇದು ಅನಂತಪುರ ಕೆರೆ. ನೇಮ್‌ಸರ್ವರ್, ಅಂದ್ರೆ ಸೈಟ್ ಎಲ್ಲಿ ಉಂಟು ಅಂತ ಹೇಳುವ ಸರ್ವರ್, ಬದಲಿಸಿದ್ರೆ ಎಲ್ಲ ಕಡೆ ಗೊತ್ತಾಗ್ಲಿಕ್ಕೆ ಒಂದೆರಡು ದಿನವೂ ಹಿಡೀಬಹುದು, ಮನೆಯಲ್ಲಿ ಕೂತು ರಿಫ್ರೆಶ್ ಒತ್ತಿ ಎಂತ ಮಾಡುವುದು ಅಂತ ಬಂದೆ. ಇಲ್ಲಿಯ ದೇವಸ್ಥಾನದ ಮೊಸಳೆ ಬಬಿಯಾ ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ, ಮರುವರ್ಷ ಇನ್ನೊಂದು ಮೊಸಳೆ ಕಂಡಿತು. ಇಲ್ಲಿ ವಿಳಾಸ ಅದೇ, ಮೊಸಳೆ ಹೊಸತು. ನಂದು ಉಲ್ಟಾ. ಇವತ್ತು ಅದು ಕಾಣ್ಲಿಲ್ಲ, ಬರೀ ನೀರು ತೋರಿಸಿ ನಿಮ್ಮ ಡೇಟಾ ಹಾಳು ಮಾಡುವುದಿಲ್ಲ.

ಹಾಂ, ರೀಡೈರೆಕ್ಟ್, ಅಂದ್ರೆ ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವುದು. ಹಳೇ ಡಾಟ್ ಇನ್ ವಿಳಾಸದಿಂದ 301, ಅಂದ್ರೆ ಶಾಶ್ವತದ್ದು, ಹಾಕಿದ್ದೇನೆ. 302 ಅಲ್ಲ, ಅದು ತಾತ್ಕಾಲಿಕಕ್ಕೆ. ಒಂದೊಂದು ಪುಟಕ್ಕೂ ಅದರದೇ ಹೊಸ ಪುಟ. ಕರ್ಣನ ಅರ್ಥಗಾರಿಕೆ ಹುಡುಕಿ ಬಂದವರನ್ನು ಮುಖಪುಟದಲ್ಲಿ ಬಿಟ್ರೆ ಅವ್ರು ತಿರುಗಿ ಬರುವುದುಂಟಾ? ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ವಿಳಾಸ ಬದಲಾವಣೆಯನ್ನೂ ತಿಳಿಸಿದೆ. ರೀಡೈರೆಕ್ಟ್ ಕನಿಷ್ಠ 1 ವರ್ಷ ಇಡಿ ಅಂತದೆ ಗೂಗಲ್. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಹಳೇ ವಿಳಾಸದ ಕ್ಯೂಆರ್ ಕೋಡ್ 1 ವರ್ಷಕ್ಕೆ ಅಳಿಸಿಹೋಗ್ತದಾ? ಹಾಗಾಗಿ ಹಳೇದನ್ನೂ ರಿನ್ಯೂ ಮಾಡ್ತಾ ಇರ್ಬೇಕು, ಅದರ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನೂ. ಅದು ತಪ್ಪಿದ್ರೆ ಹೊಸ ಸೈಟಿಗೆ ತಲುಪುವ ಮೊದಲೇ ‘ಸುರಕ್ಷಿತವಲ್ಲ’ ಅಂತ ಎಚ್ಚರಿಕೆ ಬರ್ತದೆ. ಗ್ರೂಪಿನ ಹಿರಿಯರಿಗೆ ಅಷ್ಟೇ ಸಾಕು. ಎರಡು ಹೆಸರು, ಎರಡು ಬಿಲ್ಲು, ಎರಡಕ್ಕೂ 18% ಜಿಎಸ್‌ಟಿ.

ಆದ್ರೂ ಕನ್ನಡದ್ದನ್ನು ಬಿಡುವುದಿಲ್ಲ, ತೀರ್ಮಾನ ಆಯ್ತು. ವಾಟ್ಸಪ್ಪಿಗೆ ಹಳೇ ಡಾಟ್ ಇನ್ ಲಿಂಕೇ ಹಾಕುವುದು, ಒತ್ತಿದ್ರೆ ತೆರೆಯುವುದು ಕನ್ನಡದ ವಿಳಾಸ. ಈಗ ಹಾಕಿದೆ, ನೋಡಿ, ನೀಲಿ ಟಿಕ್ ಬಂತು. “ಇದು ಅಸಲಿ” ಅಂತ ಅದೇ ಹಿರಿಯರ ಮೆಸೇಜ್! ಬ್ಯಾಟರಿ 4% ತೋರಿಸ್ತಾ ಉಂಟು, ಇಡ್ತೇನೆ. ಭಾನುವಾರದ ಕೂಟದ ರೆಕಾರ್ಡಿಂಗ್ ರಾತ್ರಿ ಸೈಟಿಗೆ ಹಾಕ್ತೇನೆ.